‘ಕೀಲ್ಡ್ ಓವರ್’ ಎಂದರೆ ಏನಾಯಿತು?

ನಾನು ಇಂಗ್ಲೆಂಡಿಗೆ ಬಂದದ್ದು 1984ರಲ್ಲಿ. ಹುಬ್ಬಳ್ಳಿಯ ಮೆಡಿಕಲ್ ಕಾಲೇಜಿನಲ್ಲಿ ಓದಿದವನು. ಪಠ್ಯಪುಸ್ತಕ, ಉಪನ್ಯಾಸ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲೇ ಆಗಿತ್ತು. ಇಲ್ಲಿ ಕೆಲಸ ಮಾಡಲು ಬೇಕಾದ ಪ್ಲಾಬ್ ಪರೀಕ್ಷೆಯೂ ಪಾಸಾಗಿತ್ತು. ಹೀಗಾಗಿ ನನಗೆ ಇಂಗ್ಲಿಷ್ ಬರುತ್ತದೆ ಎಂಬ ಧೈರ್ಯ ಚೆನ್ನಾಗಿಯೇ ಇತ್ತು. ಆ ಧೈರ್ಯ ಕರಗಲು ಈಶಾನ್ಯ ಇಂಗ್ಲೆಂಡಿನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಎರಡು ವಾರ ಸಾಕಾಯಿತು. ನಾನು ಓದಿದ ಪುಸ್ತಕಗಳಲ್ಲಿ ರೋಗಿಗಳಿಗೆ ‘ಸಿಂಕಪಿ’ ಆಗುತ್ತಿತ್ತು. ಇಲ್ಲಿನ ರೋಗಿಗಳಿಗೆ ಅದೊಂದೂ ಆಗುತ್ತಿರಲಿಲ್ಲ. ಒಬ್ಬರು ‘ಪಾಸ್ ಔಟ್’ ಆಗುತ್ತಿದ್ದರು, ಇನ್ನೊಬ್ಬರು ‘ಬ್ಲ್ಯಾಕ್ ಔಟ್’ ಆಗುತ್ತಿದ್ದರು, ಮತ್ತೊಬ್ಬ ಅಜ್ಜಿಗೆ ‘ಫನ್ನಿ ಟರ್ನ್’ ಬರುತ್ತಿತ್ತು. ಅದರಲ್ಲಿ ತಮಾಷೆ ಏನೂ ಇಲ್ಲ ಎಂದು ತಿಳಿಯಲು ನನಗೆ ಕೆಲವು ದಿನ ಹಿಡಿಯಿತು.

ಆ ದಿನಗಳಲ್ಲಿ ಒಂದು ಸಂಜೆ ಎಪ್ಪತ್ತರ ಆಸುಪಾಸಿನ ಒಬ್ಬರನ್ನು ಆಂಬ್ಯುಲೆನ್ಸಿನಲ್ಲಿ ಕರೆತಂದರು. ಹಡಗು ಕಟ್ಟೆಯಲ್ಲಿ ದುಡಿದು ನಿವೃತ್ತರಾದವರು. ಹಣೆ ಊದಿತ್ತು, ಮೂಗಿನ ಮೇಲೆ ಗಾಯ. ಆದರೆ ಮನುಷ್ಯ ಎಚ್ಚರವಾಗಿ, ನಗುನಗುತ್ತ ಕುಳಿತಿದ್ದರು. ಏನಾಯಿತೆಂದು ಹೆಂಡತಿಯನ್ನು ಕೇಳಿದೆ. ಆಕೆ ಆ ಸೀಮೆಯ ರಾಗದಲ್ಲಿ, “ಹಿ ಜಸ್ಟ್ ಕೀಲ್ಡ್ ಓವರ್, ಪೆಟ್” ಎಂದರು. ‘ಪೆಟ್’ ಎಂದರೆ ಅಲ್ಲಿನ ಹಿರಿಯ ಹೆಂಗಸರು ಪ್ರೀತಿಯಿಂದ ಕರೆಯುವ ರೀತಿ, ನಮ್ಮಲ್ಲಿ ‘ಮಗಾ’ ಎಂದ ಹಾಗೆ. ಉಳಿದ ಪದ ನನಗೆ ಮೊದಲು ‘ಕಿಲ್ಡ್’ ಎಂದು ಕೇಳಿಸಿತು. ಎದುರಿಗೆ ಕುಳಿತ ಮನುಷ್ಯ ಜೀವಂತವಾಗಿದ್ದರಿಂದ ಆ ಅರ್ಥ ಸರಿಯಲ್ಲ ಎಂದು ಗೊತ್ತಾಯಿತು. ಆಮೇಲೆ ನನ್ನ ಕನ್ನಡದ ತಲೆ ‘ಕೀಲು’ ಎಂಬಲ್ಲಿಗೆ ಹೋಯಿತು. ಮೊಣಕಾಲಿನ ಕೀಲು ಸಡಿಲಾಗಿ ಬಿದ್ದರೇನೋ! ಎರಡನೇ ಸಲ ಕೇಳಲು ಸಂಕೋಚವಾಯಿತು. ಹೇಗೂ ಬಿದ್ದದ್ದಂತೂ ನಿಜ ಎಂದುಕೊಂಡು ಕೇಸ್ ಶೀಟಿನಲ್ಲಿ ‘ಫೇಂಟೆಡ್ ಅಟ್ ಹೋಮ್’ ಎಂದು ಬರೆದೆ. ಗಾಯಕ್ಕೆ ಹೊಲಿಗೆ ಹಾಕಿ ಮನೆಗೆ ಕಳಿಸುವ ಸಿದ್ಧತೆಯಲ್ಲಿದ್ದೆ.

ನನ್ನ ಮೇಲಿನ ರಿಜಿಸ್ಟ್ರಾರ್ ಚೀಟಿ ಓದಿ, “ಫೇಂಟೆಡ್ ಎಂದು ಯಾರು ಹೇಳಿದರು?” ಎಂದು ಕೇಳಿದರು. “ಅವರ ಹೆಂಡತಿ” ಎಂದೆ. “ಅದೇ ಪದವೇ?” ಎಂದರು. ಇಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಅವರು ಆಕೆಯನ್ನು ಮತ್ತೆ ಮಾತನಾಡಿಸಿದರು. ಆಗ ಪೂರ್ತಿ ಚಿತ್ರ ಹೊರಬಂತು. ಗಂಡ ಅಡುಗೆಮನೆಯಲ್ಲಿ ನಿಂತು ತಟ್ಟೆ ಒರೆಸುತ್ತಿದ್ದರು. ಏನೋ ಹೇಳುತ್ತಿದ್ದವರು ಮಾತಿನ ನಡುವೆಯೇ ಕಡಿದ ಮರದಂತೆ ಮುಖ ಅಡಿಯಾಗಿ ಬಿದ್ದರು. ಕೈ ಊರಲೂ ಇಲ್ಲ. ಮುಖ ಕಾಗದದಂತೆ ಬಿಳುಪಾಗಿತ್ತು. ಅರೆ ನಿಮಿಷದಲ್ಲಿ ಕಣ್ಣು ಬಿಟ್ಟರು, ಮುಖ ಕೆಂಪೇರಿತು, “ತಟ್ಟೆ ಹೇಗೆ ಒಡೆಯಿತು?” ಎಂದು ಕೇಳಿದರು.

ಅವರನ್ನು ಮನೆಗೆ ಕಳಿಸಲಿಲ್ಲ, ಮಾನಿಟರಿಗೆ ಜೋಡಿಸಿ ವಾರ್ಡಿನಲ್ಲಿ ಇಟ್ಟುಕೊಂಡೆವು. ಆ ರಾತ್ರಿಯೇ ಅವರ ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಹೋಗಬೇಕಾದ ವಿದ್ಯುತ್ ಸಂದೇಶ ಪೂರ್ತಿ ಕಡಿದುಹೋದದ್ದು ಕಂಡಿತು. ನಾವು ಇದನ್ನು ‘ಕಂಪ್ಲೀಟ್ ಹಾರ್ಟ್ ಬ್ಲಾಕ್’ ಎನ್ನುತ್ತೇವೆ. ಪೇಸ್‌ಮೇಕರ್ ಹಾಕಿಸಿಕೊಂಡು ಅವರು ಮನೆಗೆ ನಡೆದುಕೊಂಡು ಹೋದರು. ನನ್ನ ಚೀಟಿಯ ಪ್ರಕಾರ ನಡೆದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಲು ಈಗಲೂ ಇಷ್ಟವಾಗುವುದಿಲ್ಲ. ರಿಜಿಸ್ಟ್ರಾರ್ ನನಗೆ ಬೈಯಲಿಲ್ಲ. “ಆಕೆ ತಾನು ಕಂಡದ್ದನ್ನು ಹೇಳಿದಳು. ನೀನು ನಿನ್ನ ತೀರ್ಮಾನವನ್ನು ಬರೆದೆ” ಎಂದಷ್ಟೇ ಹೇಳಿದರು. ಅಂದಿನಿಂದ ನಿವೃತ್ತನಾಗುವವರೆಗೆ ನೋಡಿದವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಅವರ ಪದದಲ್ಲೇ ಬರೆದುಕೊಳ್ಳುವ ಅಭ್ಯಾಸ ಬಿಡಲಿಲ್ಲ. ಈ ಲೇಖನ ಆ ಒಂದು ಪದದ ಬಗ್ಗೆ.

ಹಡಗಿನ ಬೆನ್ನುಮೂಳೆ

‘ಕೀಲ್’ ಎಂದರೆ ಹಡಗಿನ ತಳದಲ್ಲಿ ಮುಂದಿನ ತುದಿಯಿಂದ ಹಿಂದಿನ ತುದಿಯವರೆಗೆ ಹಾಯುವ ಉದ್ದನೆಯ ಮುಖ್ಯ ಮರ ಅಥವಾ ಉಕ್ಕಿನ ತೊಲೆ. ಹಡಗು ಕಟ್ಟುವಾಗ ಮೊದಲು ಇಡುವುದು ಇದನ್ನೇ. ಪಕ್ಕೆಲುಬುಗಳು ಬೆನ್ನುಮೂಳೆಗೆ ಸೇರುವಂತೆ ಹಡಗಿನ ಇಕ್ಕೆಲದ ಚೌಕಟ್ಟು ಇದಕ್ಕೆ ಸೇರುತ್ತದೆ. ಪದ ಹಳೆಯ ನಾರ್ಸ್ ಭಾಷೆಯಿಂದ, ಅಂದರೆ ವೈಕಿಂಗ್ ನಾವಿಕರ ನುಡಿಯಿಂದ ಇಂಗ್ಲಿಷಿಗೆ ಬಂದದ್ದು. ನಮ್ಮ ‘ಕೀಲು’ ಸಂಸ್ಕೃತದ ‘ಕೀಲ’ದಿಂದ, ಅಂದರೆ ಮೊಳೆ ಅಥವಾ ಗೂಟ ಎಂಬ ಅರ್ಥದಿಂದ ಬಂದದ್ದು. ಎರಡಕ್ಕೂ ನಂಟಿಲ್ಲ. ನಾನಿದ್ದ ಸೀಮೆಯಲ್ಲಿ ಇನ್ನೊಂದು ಗೊಂದಲವೂ ಇತ್ತು. ಟೈನ್ ನದಿಯಲ್ಲಿ ಕಲ್ಲಿದ್ದಲನ್ನು ಹಡಗುಗಳಿಗೆ ಸಾಗಿಸುತ್ತಿದ್ದ ಚಪ್ಪಟೆ ದೋಣಿಗಳಿಗೂ ‘ಕೀಲ್’ ಎಂದೇ ಹೆಸರು. ಅವನ್ನು ನಡೆಸುವವರು ‘ಕೀಲ್‌ಮೆನ್’. ಅವರು ತಮ್ಮ ಕೂಲಿಯಿಂದ ಹಣ ಕೂಡಿಸಿ 1701ರಲ್ಲಿ ನ್ಯೂಕಾಸಲ್‌ನಲ್ಲಿ ಕಟ್ಟಿಸಿದ ಆಶ್ರಯಧಾಮದ ಕಟ್ಟಡ ಇಂದಿಗೂ ನಿಂತಿದೆ. ಆದರೆ ದೋಣಿಯ ಹೆಸರಾದ ಈ ಕೀಲ್ ಡಚ್ ಕಡೆಯಿಂದ ಬಂದ ಬೇರೆ ಪದ ಎಂದು ಭಾಷಾತಜ್ಞರು ಹೇಳುತ್ತಾರೆ.

ತಳದಲ್ಲಿರಬೇಕಾದ ಕೀಲ್ ಮೇಲೆ ಬಂದರೆ ಹಡಗು ಮಗುಚಿದೆ ಎಂದೇ ಅರ್ಥ. ‘ಕೀಲ್ ಓವರ್’ ಹುಟ್ಟಿದ್ದು ಇಲ್ಲಿಂದ. ಮೊದಲು ಹಡಗಿಗೆ, ಆಮೇಲೆ ನಿಂತಲ್ಲೇ ಉರುಳಿ ಬೀಳುವ ಮನುಷ್ಯನಿಗೆ ಇದನ್ನು ಬಳಸಿದರು. ನಾನು ಹುಟ್ಟಿದ್ದು ಹೊನ್ನಾವರದ ಹತ್ತಿರ. ಶರಾವತಿ ದಾಟುವಾಗ ಅಂಬಿಗ ಮಕ್ಕಳಿಗೆ, “ಎಲ್ಲಾ ಒಂದೇ ಬದಿಗೆ ಬರಬೇಡಿ, ದೋಣಿ ಮಗುಚ್ತದೆ” ಎಂದು ಗದರುತ್ತಿದ್ದ. ‘ಕೀಲ್ ಓವರ್’ಗೆ ಅದೇ ಸರಿಯಾದ ಕನ್ನಡ ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ.

ಇದರ ಜೊತೆಗೇ ಕಿವಿಗೆ ಬೀಳುವ ಇನ್ನೊಂದು ಪದ ‘ಹೀಲ್ ಓವರ್’. ಇದಕ್ಕೆ ಹಿಮ್ಮಡಿಯ ‘ಹೀಲ್’ ಜೊತೆ ಸಂಬಂಧವಿಲ್ಲ. ಹಡಗು ಒಂದು ಪಕ್ಕಕ್ಕೆ ವಾಲುವುದು ಹೀಲ್. ವಾಲಿದ್ದು ಮರಳಿ ನೆಟ್ಟಗಾಗಬಹುದು. ಮಗುಚುವುದು ಕೀಲ್. ಈ ವ್ಯತ್ಯಾಸಕ್ಕೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಒಂದು ದುಃಖದ ಉದಾಹರಣೆ ಇದೆ. 1782ರ ಆಗಸ್ಟ್ 29ರಂದು ಪೋರ್ಟ್ಸ್‌ಮತ್ ಬಳಿಯ ಸ್ಪಿಟ್‌ಹೆಡ್‌ನಲ್ಲಿ ‘ರಾಯಲ್ ಜಾರ್ಜ್’ ಎಂಬ ಯುದ್ಧನೌಕೆ ಲಂಗರು ಹಾಕಿ ನಿಂತಿತ್ತು. ನೀರಿನ ಮಟ್ಟದ ಕೆಳಗೆ ಸಣ್ಣ ದುರಸ್ತಿ ಮಾಡಲೆಂದು ಫಿರಂಗಿಗಳನ್ನು ಸರಿಸಿ ಹಡಗನ್ನು ಬೇಕೆಂದೇ ಒಂದು ಬದಿಗೆ ವಾಲಿಸಿದ್ದರು. ವಾಲಿದ್ದು ಹೆಚ್ಚಾಗಿ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ಬಡಗಿ ಬಂದು ಹಡಗನ್ನು ನೆಟ್ಟಗೆ ಮಾಡಿಸಿ ಎಂದು ಎಚ್ಚರಿಸಿದರೂ ಅಧಿಕಾರಿ ಕಿವಿಗೊಡಲಿಲ್ಲ ಎಂದು ಬದುಕುಳಿದ ನಾವಿಕನೊಬ್ಬ ನೆನಪಿಸಿಕೊಂಡಿದ್ದಾನೆ. ಅಡ್ಮಿರಲ್ ಕೆಂಪೆನ್‌ಫೆಲ್ಟ್ ಸಹಿತ 800ಕ್ಕೂ ಹೆಚ್ಚು ಜನ ಸತ್ತರು. ನಾವಿಕರನ್ನು ನೋಡಲು ಬಂದಿದ್ದ ಹೆಂಗಸರು, ಮಕ್ಕಳು ಅವರಲ್ಲಿ ಸೇರಿದ್ದರು.

ವೈದ್ಯನಿಗೆ ಈ ಕೀಲ್ ಬೇರೆ ವೇಷದಲ್ಲೂ ಪರಿಚಿತ. ಲ್ಯಾಟಿನ್ನಿನಲ್ಲಿ ಕೀಲ್‌ಗೆ ‘ಕರೈನಾ’ ಎನ್ನುತ್ತಾರೆ. ಶ್ವಾಸನಾಳ ಎರಡು ಕವಲಾಗುವಲ್ಲಿ ಒಳಗಿನಿಂದ ನೋಡಿದರೆ ಕಾಣುವ ಏಣಿಗೆ ಅದೇ ಹೆಸರು. ಎದೆಮೂಳೆ ಮುಂದಕ್ಕೆ ಚಾಚಿದ ಪಾರಿವಾಳದೆದೆಗೆ ‘ಪೆಕ್ಟಸ್ ಕರಿನೇಟಮ್’ ಎನ್ನುತ್ತೇವೆ. ಪರೀಕ್ಷೆಗೆ ಇವನ್ನೆಲ್ಲ ಬಾಯಿಪಾಠ ಮಾಡಿದ್ದೆ. ಹಡಗಿನ ಕೀಲ್ ಮಾತ್ರ ಗೊತ್ತಿರಲಿಲ್ಲ.

ಓವರ್, ಔಟ್, ಡೌನ್

ಇಂಗ್ಲಿಷಿನ ಇಂಥ ಜೋಡಿ ಕ್ರಿಯಾಪದಗಳಲ್ಲಿ ಅರ್ಥದ ಅರ್ಧ ಭಾರ ಹೊರುವುದು ಬಾಲಕ್ಕೆ ಅಂಟಿದ ಚಿಕ್ಕ ಪದ. ‘ಓವರ್’ ಬಂದರೆ ದೇಹ ಉರುಳಿದ ಚಿತ್ರ: ಫಾಲ್ ಓವರ್, ಟಾಪಲ್ ಓವರ್, ಕೀಲ್ ಓವರ್. ‘ಔಟ್’ ಬಂದರೆ ದೀಪ ಆರಿದ ಹಾಗೆ ಪ್ರಜ್ಞೆ ಹೋದ ಚಿತ್ರ: ಪಾಸ್ ಔಟ್, ಬ್ಲ್ಯಾಕ್ ಔಟ್. ‘ಬ್ರೇಕ್ ಡೌನ್’ ಯಂತ್ರ ಕೆಟ್ಟು ನಿಂತದ್ದಕ್ಕೆ. ಮನುಷ್ಯನಿಗೆ ಬಳಸಿದರೆ ದುಃಖ ತಡೆಯಲಾರದೆ ಅತ್ತದ್ದಕ್ಕೆ. “ಮೈ ಫಾದರ್ ಬ್ರೋಕ್ ಡೌನ್” ಎಂದರೆ ಅಪ್ಪ ಕುಸಿದು ಬಿದ್ದರು ಎಂದು ಇಲ್ಲಿನವರು ತಿಳಿಯುವುದಿಲ್ಲ, ಅತ್ತುಬಿಟ್ಟರು ಎಂದು ತಿಳಿಯುತ್ತಾರೆ. ‘ಕೇವ್ ಇನ್’ ಗಣಿಯ ಚಾವಣಿ ಒಳಕ್ಕೆ ಕುಸಿಯುವುದಕ್ಕೆ. ಒತ್ತಾಯಕ್ಕೆ ಮಣಿದವರಿಗೂ ಅದನ್ನೇ ಹೇಳುತ್ತಾರೆ.

‘ಪಾಸ್ ಔಟ್’ ವಿಷಯದಲ್ಲಿ ನಾವು ಭಾರತೀಯರೆಲ್ಲ ಒಮ್ಮೆಯಾದರೂ ನಗೆಪಾಟಲಾಗಿದ್ದೇವೆ. ನನ್ನ ಮೊದಲ ಸಂದರ್ಶನದಲ್ಲಿ “ಐ ಪಾಸ್ಡ್ ಔಟ್ ಇನ್ 1980” ಎಂದೆ. ಮೇಜಿನ ಆಚೆ ಕುಳಿತ ಹಿರಿಯ ವೈದ್ಯರು ಗಂಭೀರ ಮುಖ ಮಾಡಿ, “ಈಗ ಚೇತರಿಸಿಕೊಂಡಿದ್ದೀರಿ ತಾನೇ?” ಎಂದು ಕೇಳಿದರು. ಸೈನಿಕರ ತರಬೇತಿ ಮುಗಿದಾಗಿನ ಪಥಸಂಚಲನವನ್ನು ಬಿಟ್ಟರೆ ಬ್ರಿಟನ್ನಿನಲ್ಲಿ ‘ಪಾಸ್ ಔಟ್’ ಎಂದರೆ ಪ್ರಜ್ಞೆ ತಪ್ಪುವುದೇ.

‘ಕೀಲ್ ಓವರ್’ ಬಳಸುವಾಗ ಮೂರು ಸಂಗತಿ ನೆನಪಿರಲಿ. ಒಂದು, ಮನುಷ್ಯನ ವಿಷಯದಲ್ಲಿ ಅದಕ್ಕೆ ಕರ್ಮಪದವಿಲ್ಲ. ಯಾರೂ ಯಾರನ್ನೂ ಕೀಲ್ ಓವರ್ ಮಾಡುವುದಿಲ್ಲ, ಮನುಷ್ಯ ತಾನಾಗಿ ಬೀಳುತ್ತಾನೆ. ಎರಡು, ಅದರಲ್ಲಿ ದಿಢೀರ್ ಎಂಬ ಭಾವ ಅಡಗಿದೆ. ಗೋಡೆ ಹಿಡಿದು ಮೆಲ್ಲಗೆ ಕುಳಿತವರನ್ನು ಹಾಗೆ ಹೇಳುವುದಿಲ್ಲ. ಮೂರು, ಅದು ಆಡುಮಾತು. ಗ್ಯಾಸ್ ಬಿಲ್ ನೋಡಿ “ಐ ನಿಯರ್ಲಿ ಕೀಲ್ಡ್ ಓವರ್” ಎಂದು ಉತ್ಪ್ರೇಕ್ಷೆಗೂ ಹೇಳುತ್ತಾರೆ, ಥಟ್ಟನೆ ಸತ್ತವರ ಬಗ್ಗೆಯೂ ಹೇಳುತ್ತಾರೆ. ಹಾಗಾಗಿ ಸಂತಾಪದ ಪತ್ರದಲ್ಲಿ ಬರೆದರೆ ಒರಟಾಗುತ್ತದೆ. ವೈದ್ಯರು ತಮ್ಮ ಟಿಪ್ಪಣಿಯಲ್ಲಿ ‘ಕೊಲ್ಯಾಪ್ಸ್’ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಕಾಸ್’ ಎಂದು ಸೇರಿಸುತ್ತಾರೆ; ಅಂದರೆ, ಕುಸಿದಿದ್ದಾರೆ, ಕಾರಣ ಹುಡುಕಬೇಕು. ನಾನು ಅಂದು ಬರೆಯಬೇಕಾಗಿದ್ದದ್ದೂ ಅದನ್ನೇ.

ವಾಲುವುದು ಮತ್ತು ಮಗುಚುವುದು

ಮಿದುಳಿಗೆ ರಕ್ತ ಹರಿಯುವುದು ನಿಂತರೆ ಸುಮಾರು 6ರಿಂದ 10 ಸೆಕೆಂಡಿನೊಳಗೆ ಪ್ರಜ್ಞೆ ತಪ್ಪುತ್ತದೆ. ಸಾಮಾನ್ಯವಾಗಿ ಜನ ಮೂರ್ಛೆ ಹೋಗುವುದು ಬಿಸಿಲಿನಲ್ಲಿ ಬಹಳ ಹೊತ್ತು ನಿಂತಾಗ, ರಕ್ತ ಕಂಡಾಗ, ತೀವ್ರ ನೋವಾದಾಗ. ಆಗ ನಾಡಿ ನಿಧಾನವಾಗಿ, ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಇಳಿಯುತ್ತದೆ. ಇದಕ್ಕೆ ಮುನ್ಸೂಚನೆ ಇರುತ್ತದೆ: ಬೆವರು, ಹೊಟ್ಟೆ ತೊಳಸು, ಕಣ್ಣು ಕತ್ತಲೆ, ಕಿವಿಯಲ್ಲಿ ಗುಂಯ್ ಎಂಬ ಸದ್ದು. ಹಡಗು ಮೊದಲು ವಾಲುತ್ತದೆ. ಕೂರಲೋ ಏನನ್ನಾದರೂ ಹಿಡಿಯಲೋ ಸಮಯ ಸಿಗುತ್ತದೆ.

ಹೃದಯದ ಬಡಿತವೇ ಕೆಲವು ಸೆಕೆಂಡು ನಿಂತರೆ ಅಥವಾ ಹುಚ್ಚು ವೇಗಕ್ಕೆ ಹೋದರೆ ಹಾಗಲ್ಲ. ಎಷ್ಟೋ ಸಲ ವಾಲುವುದೇ ಇಲ್ಲ, ನೇರ ಮಗುಚುತ್ತದೆ. ಕೈ ಊರಲು ಸಮಯವಿಲ್ಲದ್ದರಿಂದ ಮುಖಕ್ಕೇ ಪೆಟ್ಟಾಗುತ್ತದೆ. ನನ್ನ ರೋಗಿಯ ಮೂಗಿನ ಗಾಯ ಹೇಳುತ್ತಿದ್ದದ್ದು ಇದನ್ನೇ. ಬಿದ್ದಾಗ ಬಿಳಿಚಿ, ಬಡಿತ ಮರಳಿದಾಗ ಮುಖ ಕೆಂಪೇರುವ ಈ ಬಗೆಯ ಬೀಳುವಿಕೆಯನ್ನು ಡಬ್ಲಿನ್ನಿನ ಇಬ್ಬರು ವೈದ್ಯರ ಹೆಸರಿನಿಂದ ಸ್ಟೋಕ್ಸ್-ಆಡಮ್ಸ್ ಆಘಾತ ಎನ್ನುತ್ತಾರೆ. ರಾಬರ್ಟ್ ಆಡಮ್ಸ್ 1827ರಲ್ಲಿ, ವಿಲಿಯಂ ಸ್ಟೋಕ್ಸ್ 1846ರಲ್ಲಿ ಅದನ್ನು ವರ್ಣಿಸಿದ್ದರು. ಆಗ ಇಸಿಜಿ ಇರಲಿಲ್ಲ. ನೋಡಿದವರ ಮಾತು ಮತ್ತು ನಾಡಿಯ ಮೇಲಿಟ್ಟ ಬೆರಳು ಅವರ ಮುಖ್ಯ ಸಾಧನಗಳಾಗಿದ್ದವು. ಇದೇ ಕಾಯಿಲೆಯಿಂದ ಮತ್ತೆ ಮತ್ತೆ ಬೀಳುತ್ತಿದ್ದ ಆರ್ನೆ ಲಾರ್ಸನ್ ಎಂಬವರಿಗೆ 1958ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊತ್ತಮೊದಲ ಬಾರಿಗೆ ದೇಹದೊಳಗೆ ಪೇಸ್‌ಮೇಕರ್ ಇಟ್ಟರು. ಆ ಮೊದಲ ಯಂತ್ರ ಕೆಲವೇ ಗಂಟೆ ಕೆಲಸ ಮಾಡಿತು. ಲಾರ್ಸನ್ ಮಾತ್ರ ಯಂತ್ರದ ಮೇಲೆ ಯಂತ್ರ ಬದಲಿಸಿಕೊಳ್ಳುತ್ತ 2001ರವರೆಗೆ ಬದುಕಿದರು; ಅದನ್ನು ತಯಾರಿಸಿದ ಎಂಜಿನಿಯರ್ ಎಲ್ಮ್‌ಕ್ವಿಸ್ಟ್ ಮತ್ತು ಅಳವಡಿಸಿದ ಶಸ್ತ್ರವೈದ್ಯ ಸೆನ್ನಿಂಗ್ ಇಬ್ಬರಿಗಿಂತ ಹೆಚ್ಚು ಕಾಲ.

ನಮ್ಮ ಮಾತು ಇಂಗ್ಲಿಷಿಗೆ ಹೋಗುವಾಗ

ಕನ್ನಡದಲ್ಲಿ ಬೀಳುವುದಕ್ಕೆ ಪದಗಳ ಬರವಿಲ್ಲ. ‘ಕಣ್ಣು ಕತ್ತಲೆ ಬಂತು’ ಎಂಬುದು ಮೂರ್ಛೆಯ ಮುನ್ಸೂಚನೆಯನ್ನು ಯಾವ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಹೇಳುತ್ತದೆ. ‘ಬವಳಿ ಬಂತು’ ಕೂಡ ಅದರ ಹತ್ತಿರದ್ದೇ. ‘ಕುಸಿದು ಬಿದ್ದರು’ ಎಂದರೆ ಕಾಲ ಬಲ ಹೋಗಿ ನಿಂತಲ್ಲೇ ಇಳಿದ ಚಿತ್ರ. ‘ಬೋರಲು ಬಿದ್ದರು’, ‘ಅಂಗಾತ ಬಿದ್ದರು’ ಎಂಬಲ್ಲಿ ಬಿದ್ದ ಭಂಗಿಯೇ ಇದೆ. ತೊಡಕು ಎರಡು ಪದಗಳಲ್ಲಿ. ‘ತಲೆ ಸುತ್ತು’ ಎಂದರೆ ಕೋಣೆಯೇ ಗಿರಗಿರ ತಿರುಗಿದ್ದೂ ಆಗಬಹುದು, ತಲೆ ಹಗುರಾಗಿ ಬೀಳುವಂತಾದದ್ದೂ ಆಗಬಹುದು. ಮೊದಲನೆಯದಕ್ಕೆ ಒಳಗಿವಿಯನ್ನು ನೋಡಬೇಕು, ಎರಡನೆಯದಕ್ಕೆ ರಕ್ತದೊತ್ತಡವನ್ನು, ಹೃದಯವನ್ನು. ‘ಮೂರ್ಛೆ’ ಇನ್ನೂ ಅಪಾಯಕಾರಿ. ಪ್ರಜ್ಞೆ ತಪ್ಪಿದ್ದಕ್ಕೂ ಅದೇ, ಅಪಸ್ಮಾರಕ್ಕೂ ಅದೇ. ‘ಮೂರ್ಛೆ ಹೋದರು’ ಎಂಬುದನ್ನು ಮಗನೊಬ್ಬ ‘ಹಿ ಹ್ಯಾಡ್ ಫಿಟ್ಸ್’ ಎಂದು ಅನುವಾದಿಸಿದರೆ ತನಿಖೆ ಹೃದಯದ ಕಡೆ ಹೋಗುವ ಬದಲು ಮಿದುಳಿನ ಕಡೆ ತಿರುಗುತ್ತದೆ.

ನಿವೃತ್ತನಾದ ಮೇಲೆ ನಡೆದ ಒಂದು ಪ್ರಸಂಗ ಹೇಳುತ್ತೇನೆ. ಇಲ್ಲಿನ ಕನ್ನಡ ಬಳಗದ ತರುಣನೊಬ್ಬ ಒಂದು ರಾತ್ರಿ ಫೋನ್ ಮಾಡಿದ. ಧಾರವಾಡದ ಕಡೆಯಿಂದ ತಂದೆತಾಯಿ ಮೊಮ್ಮಗುವನ್ನು ನೋಡಲು ಬಂದಿದ್ದರು. “ಅಂಕಲ್, ಅಪ್ಪಾಜಿಗೆ ಸ್ವಲ್ಪ ಗಿಡ್ಡಿನೆಸ್ ಆಗಿ ಬಿದ್ದಿದ್ರು. ಈಗ ಆರಾಮ ಇದ್ದಾರೆ. ನಾಳೆ ಜಿಪಿ ಹತ್ರ ಹೋದ್ರೆ ಸಾಕಲ್ಲ?” ಎಂದ. ಬೀಳುವಾಗ ನೀನು ನೋಡಿದೆಯಾ ಎಂದರೆ ಇಲ್ಲ ಎಂದ. ತಾಯಿಗೆ ಫೋನ್ ಕೊಡು ಎಂದೆ. ಆ ತಾಯಿ ಹೇಳಿದರು: “ತೆಲಿ ತಿರಗತೈತಿ ಅಂತ ಅವ್ರು ಹೇಳೇ ಇಲ್ರಿ. ಮೆಟ್ಟಲಾ ಏರಾಕತ್ತಿದ್ರು, ಕಡದ ಬಾಳಿಗಿಡದಂಗ ಬಿದ್ದಬಿಟ್ರು. ಮಾರಿ ಬೆಳ್ಳಗಾಗಿತ್ರಿ.”

ನಾಲ್ಕು ದಶಕದ ಹಿಂದಿನ ಆ ಅಡುಗೆಮನೆ ನನ್ನ ಕಣ್ಣಮುಂದೆ ಬಂತು. ಮೆಟ್ಟಿಲು ಹತ್ತುವಾಗ, ಅಂದರೆ ದೇಹ ಶ್ರಮಪಡುತ್ತಿರುವಾಗಲೇ, ಮುನ್ಸೂಚನೆಯಿಲ್ಲದೆ ಬಿದ್ದದ್ದು ಹೃದಯದ ತೊಂದರೆ ಎಂದು ಸಾಬೀತಾಗುವವರೆಗೂ ಹಾಗೆಂದೇ ಹಿಡಿಯಬೇಕು. ಈಗಲೇ 999ಕ್ಕೆ ಕರೆ ಮಾಡು ಎಂದೆ. ಅವನು ಅನುಮಾನಿಸಿದ, ಸಂದರ್ಶಕರಿಗೆ ಖರ್ಚು ಎಷ್ಟಾಗುತ್ತದೋ ಎಂಬ ಅಂಜಿಕೆ ದನಿಯಲ್ಲಿತ್ತು. ಇಂಗ್ಲೆಂಡಿನಲ್ಲಿ ತುರ್ತು ವಿಭಾಗದ ಚಿಕಿತ್ಸೆಗೆ ಸಂದರ್ಶಕರಿಗೂ ಶುಲ್ಕವಿಲ್ಲ, ವಾರ್ಡಿಗೆ ದಾಖಲಾದರೆ ಶುಲ್ಕವಿದೆ. ವಿಮೆ ಇದ್ದರೆ ಕಾಗದ ಹುಡುಕು, ಮೊದಲು ಫೋನ್ ಮಾಡು ಎಂದೆ. ಇನ್ನೊಂದು ಮಾತನ್ನೂ ಹೇಳಿದೆ: “ಗಿಡ್ಡಿನೆಸ್ ಅನ್ನಬೇಡ. ಹಿ ಕೀಲ್ಡ್ ಓವರ್ ಆನ್ ದ ಸ್ಟೇರ್ಸ್, ವಿದೌಟ್ ವಾರ್ನಿಂಗ್ ಅನ್ನು.” ಅವನು ಹಾಗೆಯೇ ಹೇಳಿದ. ಎಕೋ ಪರೀಕ್ಷೆಯಲ್ಲಿ ಮಹಾಧಮನಿಯ ಕವಾಟ ತೀರ ಕಿರಿದಾಗಿರುವುದು ಕಂಡಿತು. ಮುಂದೆ ಅವರು ವೈದ್ಯರ ಒಪ್ಪಿಗೆ ಪಡೆದು ಊರಿಗೆ ಮರಳಿ ಬೆಂಗಳೂರಿನಲ್ಲಿ ಕವಾಟ ಬದಲಾಯಿಸಿಕೊಂಡರು.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಮನೆಯಲ್ಲಿ ಯಾರಾದರೂ ಬಿದ್ದರೆ, ಮೊದಲು ಉಸಿರಾಡುತ್ತಿದ್ದಾರೆಯೇ ನೋಡಿ. ಕರೆದರೆ ಎಚ್ಚರವಾಗದೆ, ಉಸಿರೂ ಸರಿಯಾಗಿ ಆಡದಿದ್ದರೆ 999ಕ್ಕೆ ಕರೆ ಮಾಡಿ, ಫೋನನ್ನು ಸ್ಪೀಕರಿಗೆ ಹಾಕಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಬೇಗ ಎಚ್ಚರವಾದರೆ, ನೋಡಿದವರನ್ನು ಕೇಳಿ: ಬೀಳುವ ಮುಂಚೆ ಏನು ಮಾಡುತ್ತಿದ್ದರು? ಬೆವರು, ಕಣ್ಣು ಕತ್ತಲೆ ಏನಾದರೂ ಇತ್ತೇ? ಮುಖದ ಬಣ್ಣ ಹೇಗಿತ್ತು, ಕೈಕಾಲು ಅದುರಿತೇ, ಎಷ್ಟು ಹೊತ್ತು? ಎದ್ದ ಕೂಡಲೇ ಸರಿಯಾಗಿ ಮಾತನಾಡಿದರೇ, ಬಹಳ ಹೊತ್ತು ಮಂಕಾಗಿದ್ದರೇ? ಅಪಸ್ಮಾರದ ನಂತರ ಮಂಕು ಹೆಚ್ಚು ಹೊತ್ತು ಇರುತ್ತದೆ, ಹೃದಯದ ಕಾರಣಕ್ಕೆ ಬಿದ್ದವರು ಸಾಮಾನ್ಯವಾಗಿ ಬೇಗ ತಿಳಿಯಾಗುತ್ತಾರೆ. ಆರಾಮವಾಗಿ ಕಂಡರು ಎಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗಬೇಡಿ. ಕಾರಣ ತಿಳಿದು ವೈದ್ಯರು ಒಪ್ಪುವ ತನಕ ಅವರು ಕಾರು ಓಡಿಸಬಾರದು.

ಅಪ್ಪ ಅಮ್ಮನ ಮಾತನ್ನು ವೈದ್ಯರಿಗೆ ಇಂಗ್ಲಿಷಿನಲ್ಲಿ ಹೇಳುವ ಕೆಲಸ ನಮ್ಮೆಲ್ಲರ ಪಾಲಿಗೆ ಒಂದಲ್ಲ ಒಂದು ದಿನ ಬರುತ್ತದೆ. ಆಗ ರೋಗದ ಹೆಸರು ಹೇಳಲು ಹೋಗಬೇಡಿ, ಅದು ವೈದ್ಯರ ಕೆಲಸ. ಕಡಿದ ಬಾಳೆಗಿಡದಂತೆ ಬಿದ್ದರು ಎಂದು ಅಮ್ಮ ಹೇಳಿದರೆ, ಕಡಿದ ಬಾಳೆಗಿಡದಂತೆ ಬಿದ್ದರು ಎಂದೇ ಹೇಳಿ. ಇಂಗ್ಲಿಷ್ ವೈದ್ಯರು ಬಾಳೆಗಿಡ ನೋಡಿರದಿದ್ದರೂ ಅರ್ಥಮಾಡಿಕೊಳ್ಳುತ್ತಾರೆ. ಹಡಗು ಮಗುಚುವುದನ್ನು ನೋಡಿರದ ನಾನೂ ಕೊನೆಗೆ ಅರ್ಥಮಾಡಿಕೊಂಡೆನಲ್ಲ.